ಸೋರೆಬುರುಡೆಯ ಮದ್ದು

ಚಳ್ಳಕೆರೆಯ ಸರ್ಕಾರಿ ಆಸ್ಪತ್ರೆಯ ಪಡಸಾಲೆಯಲ್ಲಿ ಹಾಸಿದ್ದ ಚಾಪೆ ಈಚಲದ್ದೋ ಜೊಂಡಿನದ್ದೋ ಎಂಬುದು ಬಗೆಹರಿಯದೆ ದೊಡ್ಡಪಾಲಯ್ಯ ಬಿಸಿಲಿನಲ್ಲೇ ನಿಂತಿದ್ದ. ನೆರಳಿನಲ್ಲಿ ಕೂತವರು ತನ್ನನ್ನೇ ನೋಡುತ್ತಿದ್ದಾರೆಂದು ಅವನಿಗೆ ಗೊತ್ತಿತ್ತು. ನೋಡದಂತಿದ್ದವರು ಇನ್ನೂ ಹೆಚ್ಚು ನೋಡುತ್ತಿದ್ದರು. ಈಚಲು ಅವನ ಕುಲಕ್ಕೆ ಆಗದ ಮರ. ಮ್ಯಾಸನಾಯಕರ ಹಟ್ಟಿಯಲ್ಲಿ ಹುಟ್ಟಿದವರು ಅದರ ಗರಿಯನ್ನು ತುಳಿಯುವುದಿಲ್ಲ, ಅದರ ಹೆಂಡವನ್ನಾಗಲಿ ಬೇರೆ ಯಾವ ಅಮಲಿನ ನೀರನ್ನಾಗಲಿ ಮುಟ್ಟುವುದಿಲ್ಲ. ಕೋಳಿ ಸಾಕುವುದೂ ಇಲ್ಲವಾದ್ದರಿಂದ ಹಟ್ಟಿಗೆ ಬೆಳಗಾಗುವುದು ದೇವರೆತ್ತುಗಳ ಕೊರಳ ಗಂಟೆಯಿಂದ. ಆ ಎತ್ತುಗಳನ್ನು ಕಾಯುವ ಕಿಲಾರಿ ಅವನು. ಅವನ ಅಪ್ಪನೂ, ಅಪ್ಪನ ಅಪ್ಪನೂ ಬೋರೇದೇವರ ಈ ಪಾದಸೇವೆಯಲ್ಲೇ ಮಣ್ಣಾದವರು. ಉಳಿದವರು ತಪ್ಪಿದರೆ ದಂಡ ತೆತ್ತು ಶುದ್ಧಿಯಾಗಬಹುದು. ಕಿಲಾರಿ ತಪ್ಪಿದರೆ ದೋಷ ಹೋಗಿ ಆ ಮೂಕಪ್ರಾಣಿಗಳಿಗೆ ತಗಲುತ್ತದೆ. ಹೀಗಿರುವಾಗ ಒಂದು ಚಾಪೆಯ ತುದಿಯೂ ಸಣ್ಣ ಮಾತಲ್ಲ.

"ಯಾಕ್ ತಾತ, ಚಾಪೆ ಏನು ಕಚ್ತೈತಾ? ನೆಳ್ಳಿಗೆ ಬಾರಪ್ಪ" ಎಂದಳು ಕಂಬಕ್ಕೊರಗಿದ್ದ ಒಬ್ಬ ಹೆಂಗಸು.

"ಇರ್ಲಿ ಬಿಡವ್ವ. ಬಿಸ್ಲು ಹೊಸದಲ್ಲ ನಮಗೆ."

"ಸೀಸೆ ತಂದಿಲ್ವಾ? ಸೀಸೆ ಇಲ್ದಿದ್ರೆ ಕಾಂಪೌಂಡರಪ್ಪ ಬಾಗಿಲಿಂದಾನೇ ಅಟ್ತಾನೆ."

ಅವಳ ಕೈಯಲ್ಲಿ, ಎಲ್ಲರ ಕೈಯಲ್ಲೂ, ಒಂದೊಂದು ಗಾಜಿನ ಸೀಸೆ ಇತ್ತು. ಔಷಧಿ ಪುಕ್ಕಟೆ, ಸೀಸೆ ನಿಮ್ಮದು ಎಂಬುದು ಅಲ್ಲಿಯ ಪದ್ಧತಿ. ಸೀಸೆಗಳು ಬರುವುದೆಲ್ಲಿಂದ? ಸರಾಯಿ ಅಂಗಡಿಯಿಂದಲ್ಲವೆ? ತೊಳೆದರೆ ಗಾಜಿನ ಕೊಳೆ ಹೋಗುತ್ತದೆ, ಹುಟ್ಟು ಹೋಗುತ್ತದೆಯೆ? ದೊಡ್ಡಪಾಲಯ್ಯ ಹೆಗಲಿಗೆ ಇಳಿಬಿಟ್ಟಿದ್ದ ಸೋರೆಬುರುಡೆಯ ಮೇಲೆ ಕಂಬಳಿ ಎಳೆದುಕೊಂಡ. ಎತ್ತು ಮೇಯುವ ಕಾವಲಿಗೆ ಮಜ್ಜಿಗೆ ಒಯ್ಯುವ ಬುರುಡೆ ಅದು. ಹೊಟ್ಟೆಯ ಮೇಲೆ ದೇವರೆತ್ತಿನ ಗುರುತೆಂದು ಎರಡು ಕೊಂಬುಗಳನ್ನು ಕಾದ ಕಬ್ಬಿಣದಿಂದ ಸುಟ್ಟು ಬರೆದದ್ದು. ಕತ್ತಲಿರುವಾಗಲೇ ಹೊರಟಾಗ ಹೆಂಡತಿ ಬೋರಕ್ಕ ಅದನ್ನು ಸೂರಿನ ಗಳುವಿನಿಂದ ಬಿಚ್ಚಿ ಅವನ ಕೈಗೆ ಕೊಟ್ಟಿದ್ದಳು. ಯಾವುದರಲ್ಲಿ ತರಲಿ ಎಂದು ಅವನಿನ್ನೂ ಕೇಳಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲು ಕಾಣದವಳಿಗೆ ಪಾತ್ರೆ ಒಯ್ಯಬೇಕೆಂದು ಹೇಳಿದವರು ಯಾರು? ಬಿರಟೆ ತೆಗೆದು ಮೂಸಿದಾಗ ಒಳಗೆ ಮಜ್ಜಿಗೆಯ ಹುಳಿ ಇರದೆ ಬೇರೇನೋ ಹಳೆಯದೊಂದು ಒಗರು ಇತ್ತು. "ಇದೇನು ವಾಸ್ನೆ?" ಎಂದು ಕೇಳಿದ್ದ. "ಬಳಸ್ದಿದ್ರೆ ಬುರುಡೆ ಹಂಗೇ" ಎಂದು ಅವಳು ಒಲೆಯ ಕಡೆ ತಿರುಗಿಬಿಟ್ಟಿದ್ದಳು. ಒಲೆಯಲ್ಲಿ ಬೆಂಕಿ ಇರಲಿಲ್ಲ.

ಅವಳು ಕಳಿಸದಿದ್ದರೆ ಅವನು ಬರುತ್ತಲೂ ಇರಲಿಲ್ಲ. ಮೊಮ್ಮಗಳು ಯರ್ರಮ್ಮನಿಗೆ ದಿನ ಬಿಟ್ಟು ದಿನ ಚಳಿಜ್ವರ. ಚಳಿ ಏರಿದಾಗ ಎಲ್ಲ ಕಂಬಳಿಗಳನ್ನು ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಇಳಿದಾಗ ಒದ್ದೆ ಬಟ್ಟೆಯಂತೆ ಬಿದ್ದಿರುತ್ತಿದ್ದಳು. ತಾಯಿ ಹೆರಿಗೆಯಲ್ಲೇ ಹೋದವಳು. ಅಪ್ಪ ಜೋಗಪ್ಪ, ದೊಡ್ಡಪಾಲಯ್ಯನ ಒಬ್ಬನೇ ಮಗ, ಹೋದ ವರ್ಷ ಆಕಾಶದಲ್ಲಿ ಬಾಲಚುಕ್ಕಿ ಕಂಡ ಕಾಲಕ್ಕೆ ಇಂಥದೇ ಜ್ವರದಲ್ಲಿ ಹೋದ. ನಿನ್ನೆ ಬೋರಕ್ಕ ಎದುರಿಗೆ ಬಂದು ನಿಂತು, "ನೀನು ಹೋಗ್ತೀಯಾ, ಇಲ್ಲ ನಾನೇ ಈ ಕೂಸನ್ನ ಹೊತ್ಕಂಡು ಹೋಗ್ಲಾ?" ಎಂದಿದ್ದಳು. ಮೊದಲಾದರೆ ಅವಳು ಅವನನ್ನು "ಜೋಗಪ್ಪನ ಅಪ್ಪ" ಎಂದು ಕರೆಯುತ್ತಿದ್ದಳು. ಮಗ ಸತ್ತ ಮೇಲೆ ಯಾವ ಹೆಸರಿನಿಂದಲೂ ಕರೆದಿಲ್ಲ.

ಬೆಳಿಗ್ಗೆ ನಾಲ್ಕು ಹರದಾರಿ ನಡೆದು ಪೇಟೆ ಸೇರಿದರೂ ಆಸ್ಪತ್ರೆ ಎಲ್ಲಿ ಎಂದು ಕೇಳುವುದು ಅವನಿಂದಾಗಿರಲಿಲ್ಲ. ಕೇಳಿದರೆ, ಕಿಲಾರಿಯ ಮನೆಗೆ ದೇವರ ಅರಿಶಿನ ಬಂಡಾರ ಸಾಲದಾಯಿತೆ ಎಂದು ಯಾರಾದರೂ ಅಂದಾರು. ಒಂದೇ ಬೀದಿಯಲ್ಲಿ ಹೋಗಿ ಬಂದು, ಹೋಗಿ ಬಂದು, ಕಡೆಗೆ ಹತ್ತಿ ಗಾಡಿಗಳ ನೆರಳಲ್ಲಿ ಕೂತಿದ್ದ ಪಡ್ಡೆ ಹುಡುಗರನ್ನು ಕೇಳಿದ. ಹುಡುಗರಾದರೆ ಮರೆತುಬಿಡುತ್ತಾರೆ.

"ಔಷ್ದಿ ಕೊಡೋ ಮನೆ ಯಾವ ಕಡೆಗಪ್ಪ?"

"ಯಾವ ಬ್ಯಾನಿಗೆ ತಾತ?"

"ಚಳಿಗೆ."

"ಓ, ಚಳಿಗಾ! ಅಗೋ ಆ ನೀಲಿ ಬಾಗ್ಲು. ಒಂದೇ ಗುಟುಕು, ಚಳಿ ಊರು ಬಿಟ್ಟು ಓಡ್ತೈತೆ."

ಅವನು ಹೋಗಿ ನೀಲಿ ಬಾಗಿಲ ಮುಂದೆ ಕೈ ಮುಗಿದು ನಿಂತ. ಒಳಗೆ ಕತ್ತಲು. ಕೊಳೆತ ಹಣ್ಣು, ಉಚ್ಚೆ, ಹುಳಿತ ಹಿಟ್ಟು ಎಲ್ಲ ಕಲೆತಂಥ ವಾಸನೆ ಮುಖಕ್ಕೆ ಹೊಡೆಯಿತು. ಒಳಗಿನಿಂದ ಒಬ್ಬ ತೂರಾಡುತ್ತ ಬಂದು, "ಏನ್ ಕಿಲಾರಪ್ಪ, ಎತ್ತಿಗಾ ನಿನಗಾ?" ಎಂದ. ಹಿಂದೆ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ದೊಡ್ಡಪಾಲಯ್ಯ ಓಡಲಿಲ್ಲ, ಓಡಿದರೆ ಇನ್ನೂ ನಗುತ್ತಾರೆ. ಮೆಲ್ಲಗೆ ತಿರುಗಿ, ಉಸಿರು ಬಿಗಿಹಿಡಿದು, ಬಾವಿ ಕಾಣುವವರೆಗೆ ನಡೆದು ಮುಖ ತೊಳೆದ, ಮೂಗು ತೊಳೆದ. ಅರವತ್ತು ದಾಟಿದ ಜೀವದಲ್ಲಿ ಸರಾಯಿಯ ವಾಸನೆ ಎಂದರೇನೆಂದು ಅವನಿಗೆ ತಿಳಿದದ್ದು ಅದೇ ಮೊದಲು. ಇಷ್ಟು ಕಾಲ ಅದರ ಹೆಸರಿಗೇ ಹೇಸಿದ್ದ, ವಾಸನೆ ತಿಳಿದಿರಲಿಲ್ಲ. ಆ ಮಾತು ಮನಸ್ಸಿನಲ್ಲಿ ಸುಮ್ಮನೆ ಹಾದುಹೋಯಿತು. ಅದರ ಹಿಂದೆ ಏನು ಬರಲಿದೆ ಎಂದು ಅವನಿಗೆ ಆಗ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಅವನ ಸರದಿ ಬಂದಾಗ ಪಡಸಾಲೆ ಖಾಲಿಯಾಗಿತ್ತು. ಚಾಪೆಯ ಅಂಚನ್ನು ಬಳಸಿ, ಗೋಡೆಗೆ ಮೈ ತಾಗಿಸಿಕೊಂಡು ಕಿಟಕಿಯ ಹತ್ತಿರ ಹೋದ. ಡಾಕ್ಟರು ಮಕ್ಕಳಿಗೆ ಸಿಡುಬಿನ ದೇವಿ ಚುಚ್ಚಲು ಮೊಳಕಾಲ್ಮೂರಿಗೆ ಹೋಗಿದ್ದರು. ಇದ್ದವನು ಕಾಂಪೌಂಡರ್ ಜಂಬುಲಿಂಗಪ್ಪ. ಹಣೆಯ ತುಂಬ ವಿಭೂತಿ, ಕೈಬೆರಳೆಲ್ಲ ಹಳದಿ ಕಲೆ. ವಿಭೂತಿ ಕಂಡು ಭಯ ಕೊಂಚ ಇಳಿಯಿತು. ಕಲೆ ಕಂಡು ಮತ್ತೆ ಏರಿತು.

"ಸೀಸೆ?"

ದೊಡ್ಡಪಾಲಯ್ಯ ಬುರುಡೆಯನ್ನು ಮುಂದಿಟ್ಟ.

"ಇದರೊಳಗೆ ಹಾಕಿದ್ರೆ ಎಷ್ಟು ಕುಡಿದ್ರು, ಎಷ್ಟು ಉಳೀತು ಹೆಂಗಯ್ಯ ಕಾಣ್ತದೆ? ಗಾಜಾದ್ರೆ ಕಾಗದ ಅಂಟಿಸಿ ಗೆರೆ ಹಾಕಿ ಕೊಡ್ತೀನಿ."

"ಗಾಜು ಮುಟ್ಟಂಗಿಲ್ಲ ಸ್ವಾಮಿ. ದೇವರೆತ್ತಿನ ಮನೆ ನಮ್ಮದು."

ಜಂಬುಲಿಂಗಪ್ಪ ಬುರುಡೆಯನ್ನು ತಿರುಗಿಸಿದವನು ಕೊಂಬಿನ ಗುರುತಿನ ಮೇಲೆ ಹೆಬ್ಬೆರಳಿಟ್ಟು ನಿಲ್ಲಿಸಿದ. "ಇದನ್ನ ನಾನು ನೋಡಿದ್ದೀನಲ್ಲ! ಹೋದ ವರ್ಷ, ಬಾಲಚುಕ್ಕಿ ಕಾಣೋ ಹೊತ್ತಿನಲ್ಲಿ, ಒಬ್ಬ ತಂದಿದ್ದ. ಇಲ್ಲೇ ಈ ಕಂಬ ಹಿಡ್ಕೊಂಡು ಗಡಗಡ ನಡುಗ್ತಿದ್ದ, ಅಷ್ಟಾದರೂ ಚಾಪೆ ಮೇಲೆ ಕೂರ್ಲಿಲ್ಲ. ಗಾಜು ಬ್ಯಾಡ ಅಂದ. ಬುರುಡೆಗೆ ಔಷಧಿ ಹಾಕಿದ್ದು ಅವತ್ತೊಂದೇ ದಿನ, ಅದಕ್ಕೇ ನೆನಪೈತೆ. ಮುಗಿದ ಮೇಲೆ ಮತ್ತೆ ಬಾ ಅಂದಿದ್ದೆ, ಬರಲೇ ಇಲ್ಲ. ವಾಸಿಯಾಯ್ತಾ ಅವನಿಗೆ?"

ದೊಡ್ಡಪಾಲಯ್ಯನಿಗೆ ಕಂಬ ಕಾಣಿಸಿತು. ಅದರ ಸುಣ್ಣ ಒಂದು ಕಡೆ, ಕೈ ಎತ್ತರಕ್ಕೆ, ಸವೆದಿತ್ತು. ಎಷ್ಟೋ ಜನ ಹಿಡಿದು ನಿಂತಿರಬಹುದು. ಯಾರಾದರೂ ಆಗಿರಬಹುದು. ಕೊಂಬಿನ ಗುರುತು ಎಷ್ಟೋ ಹಟ್ಟಿಗಳಲ್ಲಿದೆ.

"ಆಯ್ತು" ಎಂದ ಅವನು.

"ಆಯ್ತಲ್ಲ! ಮತ್ತೆ ನೀನ್ಯಾಕೆ ಹಿಂಗೆ ಕಟುಕನ ಮುಂದೆ ನಿಂತಂಗೆ ನಿಂತಿದ್ದೀಯ?"

ಒಳಗೆ ಹೋದವನು ಬುರುಡೆ ತುಂಬಿಸಿಕೊಂಡು ಬಂದ. ಜ್ವರ ಬಿಟ್ಟಿರುವಾಗ ಕೊಡಬೇಕು, ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ, ಮಗುವಿನ ಅಂಗೈ ಗುಳಿಯಲ್ಲಿ ನಿಲ್ಲುವಷ್ಟು, ಕಹಿಯೆಂದು ಉಗುಳಗೊಡಬಾರದು. ದೊಡ್ಡಪಾಲಯ್ಯ ಕೇಳಲೋ ಬೇಡವೋ ಎಂದು ಮೂರು ಸಲ ಬಾಯಿ ತೆರೆದು, ಕಡೆಗೆ ಕೇಳಿಯೇಬಿಟ್ಟ.

"ಇದರಾಗ ಸರಾಯಿ ಏನಾದ್ರೂ ಐತಾ ಸ್ವಾಮಿ?"

ಜಂಬುಲಿಂಗಪ್ಪ ನಕ್ಕ. "ಸರ್ಕಾರ ನಿನಗೆ ಪುಕ್ಕಟೆ ಸರಾಯಿ ಕುಡಿಸ್ತದೇನಯ್ಯ? ಕಾಸು ಕೊಟ್ಟೋರಿಗೇ ನೀರು ಬೆರೆಸಿ ಕೊಡೋ ಕಾಲ!"

ಇಲ್ಲ ಎಂದು ಅವನು ಹೇಳಲಿಲ್ಲ. ಊರು ದಾಟುವವರೆಗೆ ದೊಡ್ಡಪಾಲಯ್ಯ ಆ ನಗುವನ್ನೇ ತಿರುವಿ ತಿರುವಿ ನೋಡಿದ. ಇಲ್ಲದಿದ್ದರೆ ಇಲ್ಲ ಎನ್ನುವುದಕ್ಕೇನು? ಬುರುಡೆ ನೋಡಿದ್ದೇನೆ ಎಂಬುದೂ ಅವನು ಎಲ್ಲರಿಗೂ ಹಾಕುವ ಬಲೆಯೇ ಇರಬೇಕು. ಬಂದವರಿಗೆಲ್ಲ, ನಿಮ್ಮವರೊಬ್ಬರು ಬಂದಿದ್ದರು, ವಾಸಿಯಾಯಿತು ಎಂದು ಹೇಳಿ ನಂಬಿಸುವುದು. ಆದರೆ ವಾಸಿಯಾಯಿತು ಎಂದವನು ಕಾಂಪೌಂಡರಲ್ಲ. ಹೇಳಿದ ಬಾಯಿ ತನ್ನದು. ಕಾವಲಿನ ಹುಲ್ಲು ಶುರುವಾಗುವಲ್ಲಿ ಒಂದು ಹಾಸುಬಂಡೆಯ ಮೇಲೆ ಕೂತು, ಬಿರಟೆ ಎಳೆದು, ಬುರುಡೆಯ ಬಾಯಿಗೆ ಮೂಗಿಟ್ಟ.

ಅದು ಜೋಗಪ್ಪನ ಬಾಯಿ. ಅವನು ಮೂಸಿದ್ದು ಔಷಧಿಯನ್ನಲ್ಲವೆಂಬಂತೆ, ಮಗನೇ ಬುರುಡೆಯೊಳಗಿನಿಂದ ಉಸಿರು ಬಿಟ್ಟಂತೆ. ಮೂಗಿನ ಮೇಲ್ಭಾಗಕ್ಕೆ ಹೋಗಿ ಚುಚ್ಚುವ, ಕಣ್ಣಲ್ಲಿ ನೀರು ತರಿಸುವ ಒಗರು. ಹೋದ ವರ್ಷದ ಆ ದಿನ ಕಣ್ಣೆದುರು ಬಂತು: ಮಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾನೆ. ಅಪ್ಪ ಹಣೆಗೆ ಬಂಡಾರ ಹಚ್ಚಲು ಬಗ್ಗುತ್ತಾನೆ. ಮಗ ಈ ಕಡೆ ತಿರುಗಿ "ಅಪ್ಪಾ" ಎನ್ನುತ್ತಾನೆ. ಬಾಯಿಂದ ಈ ವಾಸನೆ. ಏನು ಕುಡಿದಿದ್ದೀಯ ಎಂದು ಅಪ್ಪ ಕೇಳುತ್ತಾನೆ. ಮಗ ತಾಯಿಯ ಕಡೆ ನೋಡುತ್ತಾನೆ. ತಾಯಿ ಒಲೆಯ ಕಡೆ ತಿರುಗುತ್ತಾಳೆ. ಆಸ್ಪತ್ರೆಯ ನೀರು ಕುಡಿದವರು ದೇವರೆತ್ತಿನ ನೆರಳಿಗೂ ಬರಬೇಡಿ ಎಂದು ತಾನೇ ಹಟ್ಟಿಯ ಎದುರಿಗೆ ಸಾರಿದ್ದು ಇನ್ನೂ ಹಸಿಯಾಗಿತ್ತು; ಹಾಗಾಗಿ ಮಗನ ನಾಲಿಗೆಯ ಮೇಲೆ ಯಾವ ಉತ್ತರಕ್ಕೂ ಜಾಗವಿರಲಿಲ್ಲ. "ಅದು ಅಲ್ಲಪ್ಪಾ" ಎಂದಷ್ಟೇ ಅಂದ. ಬಾಯಿ ಮುಚ್ಚು ಎಂದು ತಾನು ಹೇಳಿದ. ಕುಡುಕರ ಬಾಯಿ ಹೀಗೆ ನಾರುತ್ತದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಗೊತ್ತಿಲ್ಲದ ವಾಸನೆ ಎಂದಮೇಲೆ ಅದೇ ಇರಬೇಕು ಎಂದುಕೊಂಡ. ಮಗನನ್ನು ಮುಳ್ಳುಬೇಲಿಯ ಹೊರಗಿನ ಗುಡಿಸಲಿಗೆ ಹಾಕಿಸಿದ. ಅಲ್ಲಿಗೆ ಬೋರಕ್ಕ ಗಂಜಿ ಒಯ್ದಳು. ತಾನು ಹೋಗಲಿಲ್ಲ. ಪ್ರಾಣ ಹೋಗುವಾಗ ಬಾಯಿಗೆ ನೀರು ಬಿಡಲು ಕರೆದರು. ಕಿಲಾರಿಯ ಕೈ, ಎತ್ತುಗಳಿಗೆ ನೀರು ತೋರಿಸುವ ಕೈ ಎಂದು ಎರಡೂ ಕೈಗಳನ್ನು ಕಂಬಳಿಯೊಳಗೆ ಇಟ್ಟುಕೊಂಡು ದೊಡ್ಡಿಯ ಬಾಗಿಲಲ್ಲಿ ಕೂತಿದ್ದ.

ಬಂಡೆಯ ಮೇಲೆ ಅವನು ಬಿರಟೆ ಬಿಗಿದ. ಬೆಳಿಗ್ಗೆ ನೀಲಿ ಬಾಗಿಲಿನಲ್ಲಿ ಬಂದದ್ದು ಈ ವಾಸನೆಯಲ್ಲ. ಮೂಗು ಹೇಳುತ್ತಿತ್ತು, ಅಲ್ಲ. ಬುದ್ಧಿ ಹೇಳುತ್ತಿತ್ತು, ಸರಾಯಿಯಲ್ಲೂ ನೂರು ಜಾತಿ ಇರಬಹುದು, ಅಂಗಡಿಯದು ಒಂದು, ಸರ್ಕಾರದ್ದು ಇನ್ನೊಂದು. ಇದು ಸರಾಯಿಯಾದರೆ ಕೂಸಿಗೆ ಕೊಡುವಂತಿಲ್ಲ; ಚೆಲ್ಲಬೇಕು. ಚೆಲ್ಲಿದರೆ ತಾನು ಹೋದ ವರ್ಷ ಮಾಡಿದ್ದು ಸರಿ. ಇದು ಮದ್ದಾದರೆ ಕೂಸು ಕುಡಿಯಬೇಕು. ಕೂಸು ಕುಡಿದರೆ... ಅಲ್ಲಿಗೆ ಮನಸ್ಸು ನೀರು ಕಂಡ ಕುರಿಯಂತೆ ಕಾಲೂರಿ ನಿಂತುಬಿಡುತ್ತಿತ್ತು. ಪರೀಕ್ಷೆಗೆಂದು ಮತ್ತೆ ಬಿರಟೆ ತೆಗೆದು ನಾಲ್ಕು ಹನಿ ಬಂಡೆಯ ಮೇಲೆ ಬಿಟ್ಟ. ಬಿಸಿಲಿಗೆ ಕ್ಷಣದಲ್ಲಿ ಆರಿತು. ಇಷ್ಟು ಬೇಗ ನೀರು ಆರುತ್ತದೆಯೆ? ಉಗುಳಿದ. ಉಗುಳೂ ಆರಿತು. ಬುರುಡೆಯನ್ನು ಬಗ್ಗಿಸಿ ಹಿಡಿದು ಬಹಳ ಹೊತ್ತು ಕೂತ. ಚೆಲ್ಲುವುದು ಎಷ್ಟು ಸುಲಭವೆಂದು ಅವನಿಗೆ ಭಯವಾಯಿತು.

"ಏನ್ ಕಿಲಾರಪ್ಪ, ಬಂಡೆಗೆ ನೀರು ಹಾಕ್ತಿದ್ದೀಯಾ? ಮೊಳಕೆ ಬರ್ತೈತಾ?"

ಕುದಾಪುರದ ಹುಲಿಯಪ್ಪನ ಗಾಡಿ. ಮೇಲೆ ಹತ್ತು ಎಂದ. ಕಾಲು ಸೋತಿದ್ದವು, ಹತ್ತಿದ. ಗಾಡಿ ಅಲುಗಿದಾಗಲೆಲ್ಲ ಬುರುಡೆ ಗುಳುಗುಳು ಎಂದಿತು.

"ಬುರುಡ್ಯಾಗ ಏನೈತೆ?"

"ತುಪ್ಪ." ಇದು ಆ ದಿನದ ಎರಡನೆಯ ಸುಳ್ಳು. ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

"ತುಪ್ಪ ಗುಳುಗುಳು ಅಂಬ್ತೈತಾ?" ಹುಲಿಯಪ್ಪ ತಿರುಗಿ, ಮೂಗರಳಿಸಿ, ಒಮ್ಮೆ ಎಳೆದುಕೊಂಡ. ಅವನ ಮುಖದ ಮೇಲೆ ಏನೋ ಒಂದು ಬಾಗಿಲು ಮುಚ್ಚಿತು. "ಬೆಳಿಗ್ಗೆ ನಿನ್ನ ಆ ನೀಲಿ ಬಾಗ್ಲತ್ರ ನೋಡಿದ್ವಿ ಅಂತ ಹತ್ತಿ ಗಾಡಿಯೋರು ಆಡ್ಕಂತಿದ್ರು. ನಾನು ಅಂದೆ, ಥೂ, ಅವನಲ್ಲ ಬಿಡ್ರೋ ಅಂತ. ಈಚಲ ಮರದ ಬುಡದಾಗ ಕೂತು ಮಜ್ಜಿಗೆ ಕುಡಿದ್ರೂ ಜನ ಏನಂತಾರೆ ಹೇಳು?"

"ಇದು ಔಷ್ದಿ ಹುಲಿಯಪ್ಪ."

"ಈಗ ತುಪ್ಪ ಅಂದೆ."

"ಮೊಮ್ಮಗಳಿಗೆ. ಆಸ್ಪತ್ರೆದು."

"ಹೂಂ ಹೂಂ. ಔಷ್ದೀನೇ ಅನ್ನು. ನಾನ್ಯಾಕೆ ಯಾರ ಮುಂದೆ ಹೇಳ್ಲಿ?"

ಬಾಯಿ ಬಿಟ್ಟು ತೋರಿಸಿದರೂ, ದೇವರಾಣೆ ಮಾಡಿದರೂ ಆ ಹೂಂ ಹೂಂ ಹಾಗೇ ಉಳಿಯುತ್ತಿತ್ತು. ಅದು ಅಲ್ಲಪ್ಪಾ ಎಂದಷ್ಟೇ ಹೇಳಬಹುದಿತ್ತು. ದೊಡ್ಡಪಾಲಯ್ಯ ಗಾಡಿಯ ಗೂಟ ಹಿಡಿದು ಕುಳಿತ. ಹುಲಿಯಪ್ಪ ಕೊಂಚ ಮುಂದಕ್ಕೆ ಸರಿದು ಕೂತದ್ದನ್ನು ಕಂಡ. ಮುಂದೆ ಸರಿಯಲು ಅಲ್ಲಿ ಜಾಗವೂ ಇರಲಿಲ್ಲ.

ಹಟ್ಟಿ ಸೇರಿದಾಗ ಹೊತ್ತು ಇನ್ನೂ ಇತ್ತು. ಬೇಲಿಯ ಹೊರಗಿನ ಗುಡಿಸಲನ್ನು ನೋಡದೆ ದಾಟುವುದು ಅವನ ವರ್ಷದ ಅಭ್ಯಾಸ, ಈವತ್ತು ನೋಡಿದ. ಮನೆಯಲ್ಲಿ ಯರ್ರಮ್ಮ ಜ್ವರ ಬಿಟ್ಟು ಬೆವರಿ ಮಲಗಿದ್ದಳು. ಬೋರಕ್ಕ ಎದ್ದು ಬುರುಡೆಗೆ ಕೈ ಚಾಚಿದಳು. ಅವನು ಕೊಡಲಿಲ್ಲ.

"ಇದನ್ನ ಜೋಗಪ್ಪ ಒಯ್ದಿದ್ನಾ?"

ಅವಳು ಒಲೆಯ ಕಡೆ ತಿರುಗಲಿಲ್ಲ. "ನಾನೇ ಕಳ್ಸಿದ್ದೆ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನ್ಮಾಡ್ತಿದ್ದೆ? ಸರಾಯಿ ಅಂತ ಹೊರಗ ಹಾಕ್ದೋನು, ಆಸ್ಪತ್ರೆ ನೀರು ಅಂದಿದ್ರೆ ಒಳಗ ಇಟ್ಕಂತಿದ್ಯಾ?"

"ಅವ್ನು ಹೋದ ಮ್ಯಾಲಾದ್ರೂ..."

"ಆಮ್ಯಾಲೆ ಹೇಳಿ? ಒಂದು ಹೆಣ ಹೊತ್ತಿದ್ದೆ. ಇನ್ನೊಂದು ಹೊರೋಕೆ ಬಲ ಇರ್ಲಿಲ್ಲ ನನಗೆ." ಅವಳು ಸೆರಗಿನಿಂದ ಕೂಸಿನ ಬೆವರು ಒರೆಸಿ, "ಆ ಮಿಕ್ಕಿದ್ದ ಔಷ್ದೀನ ನೀನು ನೋಡ್ತೀಯ ಅಂತ ನಾನೇ ತಿಪ್ಪೆಗೆ ಚೆಲ್ದೆ. ಕುಡಿದಿದ್ರೆ ಉಳೀತಿದ್ನೋ ಏನೋ. ನಿನ್ನ ಪಾಪ ನಿನಗೆ, ನನ್ನದು ನನಗೆ. ಈಗ ಕೊಡು ಇತ್ಲಾಗೆ, ಕೂಸು ಎದ್ದೈತೆ" ಎಂದಳು.

ದೊಡ್ಡಪಾಲಯ್ಯ ಬಿರಟೆ ತೆಗೆದ. ತನ್ನ ಅಂಗೈ ಗುಳಿಯಲ್ಲಿ ಬಿಟ್ಟುಕೊಂಡು, ದೇವರ ಹೆಸರು ಹೇಳಿ, ಮೊದಲು ತಾನು ಕುಡಿದ. ಕಹಿ ಗಂಟಲಿನವರೆಗೆ ಬೇರು ಬಿಟ್ಟಿತು. ಅಮಲು ಬರುತ್ತದೆಯೆ ಎಂದು ಕಾದ. ಒಳಗಿನಿಂದ ಯಾರಾದರೂ ಇದು ಅದೇ, ಇದು ಅದೇ ಎನ್ನುತ್ತಾರೆಯೆ ಎಂದು ಕಿವಿಗೊಟ್ಟ. ಕಹಿ ಮಾತ್ರ ಇತ್ತು. ಆಮೇಲೆ ಕೂಸನ್ನು ಎತ್ತಿ ತೊಡೆಗೆ ಒರಗಿಸಿಕೊಂಡು, ಅವಳ ಪುಟ್ಟ ಅಂಗೈಯ ಗುಳಿ ತುಂಬಿಸಿ, ಅದನ್ನೇ ಅವಳ ಬಾಯಿಗೆ ಹಿಡಿದ. ಮುಖ ಕಿವುಚಿ, ಕಣ್ಣು ಮುಚ್ಚಿ ನುಂಗಿದಳು. "ಇನ್ನೊಂದಿಷ್ಟೈತೆ, ಉಗುಳಬ್ಯಾಡ ತಾಯಿ" ಎಂದು ಅವನು ಹತ್ತಿರ ಬಗ್ಗಿದಾಗ, ಅವಳು ಕಣ್ಣು ಬಿಟ್ಟು ಅವನ ಗಡ್ಡ ಹಿಡಿದುಕೊಂಡಳು.

"ತಾತ, ನಿನ್ನ ಬಾಯಿ ಅಪ್ಪನ ಬಾಯಂಗೆ ವಾಸ್ನೆ ಬರ್ತೈತೆ."

ಹೊರಗೆ, ದೂರದಲ್ಲಿ, ದೇವರೆತ್ತುಗಳು ಕಾವಲಿನಿಂದ ತಿರುಗಿದ ಗಂಟೆ ಕೇಳಿಸಿತು. ಹಟ್ಟಿಯ ಬಾಗಿಲಲ್ಲಿ ಧೂಪ ಹಿಡಿದು ಅವುಗಳನ್ನು ಎದುರುಗೊಳ್ಳುವುದು ಕಿಲಾರಿಯ ಕೆಲಸ. ದೊಡ್ಡಪಾಲಯ್ಯ ಕೂಸನ್ನು ಮಲಗಿಸಿ, ಕಿಲಾರಿಯ ಬಿದಿರಿನ ಕೋಲನ್ನು ತೆಗೆದುಕೊಂಡು ಹೋಗಿ, ತಮ್ಮನ ಮಗ ಕಾಟಪ್ಪನ ಮನೆಯ ಮುಂದೆ ಇಟ್ಟ. ಕಾಟಪ್ಪ ಗಾಬರಿಯಿಂದ, "ಇದೇನು ದೊಡ್ಡಪ್ಪ?" ಎಂದ.

"ಎತ್ತು ನೋಡ್ಕ. ನನ್ನ ಬಾಯಾಗ ಆಸ್ಪತ್ರೆ ಔಷ್ದಿ ಐತೆ."

"ಅಷ್ಟಕ್ಕೇನಾ? ಬಾಯಿ ಮುಕ್ಕಳಿಸಿ ಬಾ, ಯಾರು ನೋಡ್ತಾರೆ!"

"ಜೋಗಪ್ಪನಿಗೆ ನಾನು ಹಂಗಂದಿದ್ನಾ?"

ಬೇಲಿ ದಾಟಿ ಗುಡಿಸಲಿಗೆ ಹೋದ. ಒಳಗೆ ಹುಲ್ಲು ಮುಗ್ಗಲಾಗಿತ್ತು, ಮೂಲೆಯಲ್ಲಿ ಜೇಡ ಬಲೆ ನೆಯ್ದಿತ್ತು. ಮಗನ ತಲೆ ಇದ್ದ ಕಡೆ ತಲೆ ಇಡಲಾರದೆ ಕಾಲಿನ ಕಡೆ ಕೂತ. ಎತ್ತುಗಳು ಧೂಳೆಬ್ಬಿಸಿಕೊಂಡು ಬಂದವು. ಮುಂದಿನ ಬಿಳಿ ಎತ್ತು, ಅವನ ಕೈಯಲ್ಲೇ ಬೆಳೆದದ್ದು, ಗುಡಿಸಲ ಬಾಗಿಲಲ್ಲಿ ನಿಂತು ಕತ್ತು ಒಳಗೆ ಚಾಚಿ ಅವನ ಬಾಯಿಯನ್ನು ಮೂಸಿತು. ಅವನು ಉಸಿರು ಬಿಗಿಹಿಡಿದು ಕಣ್ಣು ಮುಚ್ಚಿದ. ಅಪ್ಪಣೆಯೋ ಶಾಪವೋ ಏನಿದ್ದರೂ ಆಗಲಿ. ಕಣ್ಣು ತೆರೆದಾಗ ಎತ್ತು ಹೊರಟುಹೋಗಿತ್ತು. ಮುಖ ತಿರುಗಿಸಿ ಹೋಯಿತೋ, ತನ್ನ ದಾರಿ ಹಿಡಿದು ಹೋಯಿತೋ ತಿಳಿಯಲಿಲ್ಲ. ಇಷ್ಟು ವರ್ಷ ಅದರ ಕಿವಿಯ ಅಲುಗಾಟಕ್ಕೂ ಅರ್ಥ ಹೇಳುತ್ತಿದ್ದವನು ಅವನು.

ಬೋರಕ್ಕ ಚೆಂಬಿನಲ್ಲಿ ನೀರು ತಂದಳು. ಒಳಗೆ ಬರಲು ಕೊಂಚ ತಡೆದು, ಬಗ್ಗಿ, ಬಂದಳು.

"ಕಕ್ಕಲಿಲ್ಲ. ಮಲಗೈತೆ. ನಾಳೆ ಚಳಿ ಬರೋ ದಿನ, ನೋಡಬೇಕು" ಎಂದಳು. "ಬೆಳಿಗ್ಗೆ ಯಾರು ಕುಡಿಸ್ತಾರೆ?"

"ಇಲ್ಲಿಗೇ ಹೊತ್ಕಂಬಾ. ನಾನೇ ಕುಡಿಸ್ತೀನಿ."

ಅವಳು ಚೆಂಬನ್ನು ಎತ್ತಿ ಹಿಡಿದಳು. "ಜೋಗಪ್ಪನ ಅಪ್ಪ" ಎಂದಳು, "ಕೈ ಒಡ್ಡು."

ಅವನು ಎರಡೂ ಕೈಗಳನ್ನು ಕಂಬಳಿಯಿಂದ ಹೊರತೆಗೆದು ಬೊಗಸೆ ಮಾಡಿದ. ನೀರು ಬಿತ್ತು. ಬೊಗಸೆ ತುಂಬಿದಾಗ ಅದನ್ನು ಬಾಯಿಗೆ ಒಯ್ಯದೆ, ಮೊಣಕಾಲ ಮೇಲೆ ತೆವಳಿ, ಮಗನ ತಲೆ ಇದ್ದ ಕಡೆ ಮೆಲ್ಲಗೆ, ಒಂದು ಬಾಯಿಗೆ ಬಿಡುವ ಹಾಗೆ, ಸಣ್ಣಗೆ ಬಿಟ್ಟ. ಒಣ ಮಣ್ಣು ಅದನ್ನು ಸದ್ದಿಲ್ಲದೆ ಕುಡಿಯಿತು. ಅವನು ಮತ್ತೆ ಕೈ ಒಡ್ಡಿದ. ಅವಳು ಮತ್ತೆ ಸುರಿದಳು.